ಮಳೆ ಹೊಳವಾಗುವ ಎರಡು ನಿಮಿಷ: ಕುದುರೆಮುಖದಲ್ಲಿ ಕಲಿತ ಫೋಟೋಗ್ರಫಿ

(ಕಾರ್ಕಳದ ಕಾಲೇಜೊಂದರಲ್ಲಿ ಫೋಟೋಗ್ರಫಿ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಪರದೆಯ ಮೇಲೆ ತೋರಿಸಿದ ಫೋಟೋಗಳು ಇಲ್ಲಿ ಇಲ್ಲ. ಅದಕ್ಕೇ ಅಲ್ಲಲ್ಲಿ ಎರಡು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ, ತುಂಬ ಖುಷಿಯಾಯಿತು.

ಮೊದಲು ಈ ಎರಡು ಫೋಟೋ ನೋಡಿ. ಎಡಗಡೆಯದು ನಾನು ಕುದುರೆಮುಖಕ್ಕೆ ಮೊದಲ ಸಲ ಹೋದಾಗ ತೆಗೆದದ್ದು. ಡಿಸೆಂಬರ್ ತಿಂಗಳು, ನಡು ಮಧ್ಯಾಹ್ನ. ಮುಕ್ಕಾಲು ಪಾಲು ಆಕಾಶ. ಅದರ ಕೆಳಗೆ ತೆಳ್ಳಗಿನ ಒಂದು ಪಟ್ಟಿಯ ಹಾಗೆ ಗುಡ್ಡಗಳು. ಅವತ್ತು ಆ ಏರಿನಲ್ಲಿ ನಿಂತಾಗ ನನಗೆ ಮಾತೇ ಹೊರಟಿರಲಿಲ್ಲ. ಅಷ್ಟು ದೊಡ್ಡ ಜಾಗ ಅದು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿ ನೋಡುತ್ತಿದ್ದೆ. ಅಮ್ಮ ಹಿಂದಿನಿಂದ ಬಂದು ಕೇಳಿದರು: "ಅಷ್ಟು ದೂರ ಹೋಗಿ ಆಕಾಶದ ಫೋಟೋ ಯಾಕೆ ತೆಗೆದೆ ಮಗಾ?" ಅವರು ನಿಜವಾಗಿ ತಿಳಿಯಲೆಂದೇ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಲಗಡೆಯದು ಅದೇ ಏರು. ಆರು ವರ್ಷದ ನಂತರ, ಜುಲೈ ತಿಂಗಳು. ಒಂದರ ಹಿಂದೆ ಒಂದು ಐದು ಗುಡ್ಡದ ಬೆನ್ನು. ನಡುನಡುವೆ ಮಂಜು. ಹತ್ತಿರದ ಗುಡ್ಡದಲ್ಲಿ ಹುಲ್ಲು ಎಳೆಎಳೆಯಾಗಿ ಕಾಣುತ್ತದೆ. ಕೊನೆಯ ಗುಡ್ಡ ಬರೀ ಒಂದು ಬೂದು ಗೆರೆ. ಆಕಾಶ ಇಲ್ಲವೇ ಇಲ್ಲ. ಇದನ್ನು ನೋಡಿ ಅಮ್ಮ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತು ನೋಡಿದರು.

ಎರಡಕ್ಕೂ ಕ್ಯಾಮೆರಾ ಒಂದೇ. ನಡುವಿನ ಆರು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಜಾಸ್ತಿ ಪಾಲು ಕ್ಯಾಮೆರಾದ ಬಗ್ಗೆ ಇರಲಿಲ್ಲ, ಆ ಗುಡ್ಡದ ಬಗ್ಗೆ ಇತ್ತು. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಕುದುರೆಮುಖ ನಮಗೆಲ್ಲ ಗೊತ್ತಿರುವ ಜಾಗ. ಕಾರ್ಕಳದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಘಟ್ಟದ ಗೋಡೆ ಕಾಣುತ್ತದೆ. ದಿನಾ ನೋಡುತ್ತೇವೆ, ಹಾಗಾಗಿ ನೋಡುವುದೇ ಇಲ್ಲ. ಶಿಖರ ಸುಮಾರು 1,890 ಮೀಟರ್ ಎತ್ತರ. ಒಂದು ಕಡೆಯಿಂದ ನೋಡಿದರೆ ಕುದುರೆಯ ಮೋರೆಯ ಹಾಗೆ ಕಾಣುತ್ತದೆ, ಹೆಸರು ಬಂದದ್ದು ಅದರಿಂದಲೇ. ಮೊದಲು ಸಂಸೆ ಪರ್ವತ ಅಂತಲೂ ಕರೆಯುತ್ತಿದ್ದರು, ಸಂಸೆ ಊರಿನ ಕಡೆಯಿಂದ ಹತ್ತುತ್ತಿದ್ದದ್ದರಿಂದ. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 600 ಚದರ ಕಿಲೋಮೀಟರ್ ಜಾಗ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಅದರಲ್ಲಿ ಕುದುರೆಮುಖವೂ ಇದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಈ ಗುಡ್ಡಗಳ ಸಾಲಿನಲ್ಲೇ.

ಲ್ಯಾಂಡ್‌ಸ್ಕೇಪ್ ಫೋಟೋಗ್ರಫಿ ಕಲಿಯಲು ಹೊರಟವರಿಗೆ ಎಲ್ಲರೂ ಮೊದಲು ಹೇಳಿಕೊಡುವುದು ಏನು? ಸೂರ್ಯ ಹುಟ್ಟುವಾಗ, ಮುಳುಗುವಾಗ ತೆಗೆಯಿರಿ. ಅಗಲದ ಲೆನ್ಸ್ ಹಾಕಿ. ಮುಂದೆ ಒಂದು ಕಲ್ಲೋ ಹೂವೋ ಇರಲಿ. ನಾನೂ ಅದನ್ನೇ ಕಲಿತು ಹೋಗಿದ್ದೆ. ಆದರೆ ಕುದುರೆಮುಖದಲ್ಲಿ ಅದು ನಡೆಯುವುದಿಲ್ಲ. ಪಾರ್ಕಿನೊಳಗೆ ರಾತ್ರಿ ಉಳಿಯುವ ಹಾಗಿಲ್ಲ. ಟೆಂಟ್ ಹಾಕುವ ಹಾಗಿಲ್ಲ. ಅನುಮತಿ ಪಡೆದು, ಬೆಳಿಗ್ಗೆ ಗುಡ್ಡದ ಬುಡದ ಮುಳ್ಳೋಡಿಯಿಂದ ಗೈಡ್ ಜೊತೆ ಹೊರಡಬೇಕು, ಕತ್ತಲಾಗುವ ಮೊದಲು ಇಳಿದು ಬಂದಿರಬೇಕು. ಹೋಗಿ ಬರುವುದು ಇಪ್ಪತ್ತು ಕಿಲೋಮೀಟರ್ ಹತ್ತಿರ. ಶಿಖರದ ಮೇಲೆ ಸೂರ್ಯೋದಯವೂ ಸಿಗುವುದಿಲ್ಲ, ಸೂರ್ಯಾಸ್ತವೂ ಸಿಗುವುದಿಲ್ಲ. ಇನ್ನು ಮಳೆಗಾಲದಲ್ಲಂತೂ ಸೂರ್ಯನೇ ಸಿಗುವುದಿಲ್ಲ.

ಮೊದಲ ಎರಡು ವರ್ಷ ಇದು ನನಗೆ ದೊಡ್ಡ ಕೊರತೆ ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಕಾಡಿಗೆ ರಾತ್ರಿ ಬೇಕು. ಅಲ್ಲಿ ಸಿಂಗಳೀಕಗಳಿವೆ, ಕಾಟಿಗಳಿವೆ, ಹುಲಿ ಇದೆ. ನಮ್ಮ ಕ್ಯಾಮೆರಾ ಸೀದಾ ಅವುಗಳ ಮನೆಯ ನಡುಮನೆಗೆ ಹೋಗಬೇಕಾಗಿಲ್ಲ. ಜೊತೆಗೆ ಆ ನಿಯಮದಿಂದಾಗಿ ನಾನು ಹಗಲಿನ ಬೆಳಕನ್ನು, ಮೋಡದ ಬೆಳಕನ್ನು ಓದಲು ಕಲಿತೆ. ಸೂರ್ಯಾಸ್ತದ ಬಣ್ಣ ಸಿಕ್ಕರೆ ಗುಡ್ಡ ಹೇಗಿದ್ದರೂ ಫೋಟೋ ಚೆನ್ನಾಗಿಯೇ ಕಾಣುತ್ತದೆ. ಬಣ್ಣ ಇಲ್ಲದಾಗ ಗುಡ್ಡದ ಆಕಾರವನ್ನೇ ನೋಡಬೇಕಾಗುತ್ತದೆ.

ಆಕಾರದ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡೋಣ. ಈ ಮೂರನೇ ಫೋಟೋ ನೋಡಿ. ಗುಡ್ಡದ ಮೈಯೆಲ್ಲ ಹುಲ್ಲು. ಎರಡು ಗುಡ್ಡ ಸೇರುವ ಮಡಿಕೆಯಲ್ಲಿ ಮಾತ್ರ ಕಪ್ಪು ಹಸಿರಿನ ಕಾಡು, ಯಾರೋ ಸಂದಿಯಲ್ಲಿ ತುರುಕಿದ ಹಾಗೆ. ಇದಕ್ಕೆ ಶೋಲಾ ಕಾಡು ಅನ್ನುತ್ತಾರೆ. ಮಡಿಕೆಯಲ್ಲೇ ಯಾಕೆ? ಅಲ್ಲಿ ಮಣ್ಣು ಆಳವಾಗಿದೆ, ನೀರು ನಿಲ್ಲುತ್ತದೆ, ಗಾಳಿಯ ಹೊಡೆತ ಕಡಿಮೆ. ಮೇಲಿನ ಬೋಳು ಬೆನ್ನಿನಲ್ಲಿ ಮಣ್ಣು ತೆಳು, ಗಾಳಿ ಜೋರು, ಬೇಸಿಗೆಯಲ್ಲಿ ಬೆಂಕಿಯ ಭಯ. ಹಾಗಾಗಿ ಅಲ್ಲಿ ಹುಲ್ಲು ನಿಲ್ಲುತ್ತದೆ. ಮಳೆಗಾಲದ ನೀರನ್ನು ಹುಲ್ಲು ಮತ್ತು ಶೋಲಾ ಎರಡೂ ಸೇರಿ ಹೀರಿ ಹಿಡಿದಿಟ್ಟು, ಮೆಲ್ಲನೆ ಹಳ್ಳಕ್ಕೆ ಬಿಡುತ್ತವೆ. ಬೇಸಿಗೆಯಲ್ಲೂ ಹೊಳೆಯಲ್ಲಿ ನೀರು ಇರುವುದು ಅದರಿಂದ.

ಫೋಟೋಗ್ರಫಿ ಪಾಠದಲ್ಲಿ ಇದೆಲ್ಲ ಯಾಕೆ ಅಂತ ಕೇಳಬಹುದು. ಇದನ್ನು ತಿಳಿದ ದಿನದಿಂದ ನನ್ನ ಚೌಕಟ್ಟು ಬದಲಾಯಿತು. ಮೊದಲು ನನಗೆ ಗುಡ್ಡ ಅಂದರೆ ಒಂದು ಹಸಿರು ಮುದ್ದೆ. ಈಗ ಅದರಲ್ಲಿ ಗೆರೆಗಳು ಕಾಣತೊಡಗಿದವು. ಶೋಲಾ ಎಲ್ಲಿದೆಯೋ ಅಲ್ಲಿ ನೀರಿನ ದಾರಿ ಇದೆ. ಆ ಕಪ್ಪು ಗೆರೆಯ ಜಾಡು ಹಿಡಿದು ಹೋದರೆ ಕಣ್ಣು ತಾನಾಗಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಬೇರೆ ಬೇರೆ ಗುಡ್ಡದ ಗೆರೆಗಳು ಕೆಳಗೆ ಒಂದು ಕಡೆ ಸೇರುತ್ತವೆ, ಹೊಳೆಯ ಕೈಗಳು ಸೇರಿದ ಹಾಗೆ. ಫೋಟೋದಲ್ಲಿ ಕಣ್ಣಿಗೆ ದಾರಿ ತೋರಿಸಬೇಕು ಅಂತ ಹೇಳುತ್ತಾರಲ್ಲ, ಇಲ್ಲಿ ಆ ದಾರಿಯನ್ನು ನೀರೇ ಹಾಕಿಟ್ಟಿದೆ. ನಾವು ಅದನ್ನು ಗುರುತಿಸಿ ಚೌಕಟ್ಟಿನೊಳಗೆ ಸರಿಯಾಗಿ ಕೂರಿಸಿದರೆ ಸಾಕು.

ಇದನ್ನು ತೆಗೆಯಲು ಅಗಲದ ಲೆನ್ಸ್ ಉಪಯೋಗಕ್ಕೆ ಬರುವುದಿಲ್ಲ. ದೊಡ್ಡ ಜಾಗಕ್ಕೆ ಅಗಲದ ಲೆನ್ಸೇ ಬೇಕು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅಗಲದ ಲೆನ್ಸ್ ಹತ್ತಿರದ್ದನ್ನು ದೊಡ್ಡದು ಮಾಡುತ್ತದೆ, ದೂರದ್ದನ್ನು ಚಿಕ್ಕದು ಮಾಡುತ್ತದೆ. ನನ್ನ ಮೊದಲ ಫೋಟೋದಲ್ಲಿ ಘಟ್ಟ ಒಂದು ಪಟ್ಟಿಯಾದದ್ದು ಹಾಗೆ, 18 ಮಿಲಿಮೀಟರಿನಲ್ಲಿ ತೆಗೆದಿದ್ದೆ. ಲೆನ್ಸಿನ ಈ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. ಬಲಗಡೆಯ ಐದು ಬೆನ್ನಿನ ಫೋಟೋ 135 ಮಿಲಿಮೀಟರಿನದು. ಉದ್ದ ಲೆನ್ಸಿನಲ್ಲಿ ದೂರದ ಗುಡ್ಡದ ಒಂದು ತುಣುಕನ್ನು ಮಾತ್ರ ಆರಿಸುತ್ತೇವೆ. ಆಗ ಹಿಂದಿನ ಗುಡ್ಡ ಮುಂದಿನ ಗುಡ್ಡದ ಮೇಲೆ ಒರಗಿ ನಿಂತ ಹಾಗೆ ಕಾಣುತ್ತದೆ. ಸಾಮಾನ್ಯವಾಗಿ ನಿಮ್ಮ ಕಿಟ್ ಜೊತೆ ಬರುವ 55-200 ಅಥವಾ 55-250 ಲೆನ್ಸ್ ಇದಕ್ಕೆ ಧಾರಾಳ ಸಾಕು. ಎಷ್ಟೋ ಮನೆಯಲ್ಲಿ ಅದು ಹಕ್ಕಿಗೆ ಸಾಲದು ಅಂತ ಬೀರುವಿನಲ್ಲಿ ಕೂತಿರುತ್ತದೆ.

ಈಗ ಮಂಜಿನ ವಿಷಯ. ಇದೇ ನನಗೆ ಎಲ್ಲಕ್ಕಿಂತ ಜಾಸ್ತಿ ಪ್ರೀತಿಯ ಪಾಠ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಒಂದು ಆಗಸ್ಟ್‌ನಲ್ಲಿ ಹತ್ತುವ ದಾರಿಯಲ್ಲಿ ಒಂಟಿಮರ ಅನ್ನುವ ಜಾಗದ ಹತ್ತಿರ ಕೂತಿದ್ದೆವು. ನಾನು ಮತ್ತು ಗೈಡ್. ಅವರು ಅಲ್ಲಿಯ ಊರಿನವರೇ, ನನಗಿಂತ ಹಿರಿಯರು. ಸುತ್ತ ಎಲ್ಲ ಬಿಳಿ. ಹತ್ತು ಅಡಿ ದೂರದ್ದು ಕಾಣುತ್ತಿರಲಿಲ್ಲ. ಒಂದು ಗಂಟೆ ಕಾದೆ. ಕ್ಯಾಮೆರಾ ಚೀಲಕ್ಕೆ ಹಾಕಿ ಎದ್ದೆ. ಆಗ ಅವರು ಹೇಳಿದರು:

"ಎಲ್ಲಿಗೆ ಹೊರಟ್ರಿ ಸಾರ್? ಕೂತ್ಕೊಳ್ಳಿ ಮಾರಾಯ್ರೆ. ಈಗ ಹೊಳ ಆಗ್ತದೆ."

"ನಿಮಗೆ ಹೇಗೆ ಗೊತ್ತು?" ಅಂದೆ.

"ಗಾಳಿ ನೋಡಿ. ಅದು ತಿರುಗಿತು."

ನನಗೆ ಏನೂ ಗೊತ್ತಾಗಲಿಲ್ಲ. ಸುಮ್ನೆ ಕೂತೆ. ಎರಡು ನಿಮಿಷ ಕಳೆದಿರಬಹುದು. ಎದುರಿಗೆ ಬಿಳಿಯಲ್ಲಿ ಒಂದು ತೂತು ಬಿತ್ತು. ಅದರೊಳಗೆ ಕಡು ಹಸಿರು. ತೂತು ದೊಡ್ಡದಾಯಿತು. ಒಂದು ಇಡೀ ಗುಡ್ಡ, ಅದರ ಮೈಮೇಲೆ ಬೆಳ್ಳಗೆ ಇಳಿಯುವ ನಾಲ್ಕೈದು ಝರಿ, ಅದರ ಹಿಂದೆ ಇನ್ನೊಂದು ಗುಡ್ಡ. ಚೀಲದಿಂದ ಕ್ಯಾಮೆರಾ ತೆಗೆದು, ಲೆನ್ಸಿನ ಮುಚ್ಚಳ ಬಿಚ್ಚುವುದರೊಳಗೆ ಪುನಃ ಬಿಳಿ ಮುಚ್ಚಿತು. ಅವತ್ತು ಒಂದು ಫೋಟೋ ಕೂಡ ಸಿಗಲಿಲ್ಲ. ಆದರೆ ನನ್ನ ಅತಿ ದೊಡ್ಡ ಪಾಠ ಸಿಕ್ಕಿದ್ದು ಅವತ್ತೇ.

ಮಳೆ ಹೊಳವಾಗುವುದು ಅಂತ ನಮ್ಮಲ್ಲಿ ಹೇಳುತ್ತಾರೆ. ಸುರಿಯುವ ಮಳೆ ಒಂದು ಕ್ಷಣ ಬಿಡುವು ಕೊಡುವುದು. ಗದ್ದೆ ಕೆಲಸದವರಿಗೆ ಆ ಹೊಳ ಬೇಕು, ಅಡಿಕೆಗೆ ಮದ್ದು ಬಿಡುವವರಿಗೆ ಬೇಕು. ಫೋಟೋ ತೆಗೆಯುವವರಿಗೂ ಅದೇ ಬೇಕು. ಗದ್ದೆ, ತೋಟದವರೆಲ್ಲ ಆ ಹೊಳಕ್ಕೆ ಮೊದಲೇ ತಯಾರಾಗಿ ಕೂತಿರುತ್ತಾರೆ. ನಾನು ಆಗಿರಲಿಲ್ಲ.

ಗೈಡ್ ಹೇಳಿದ ಗಾಳಿಯ ವಿಷಯವನ್ನು ಆಮೇಲೆ ನಿಧಾನಕ್ಕೆ ಅರ್ಥ ಮಾಡಿಕೊಂಡೆ. ಮಳೆಗಾಲದ ಗಾಳಿ ಅರಬ್ಬಿ ಸಮುದ್ರದಿಂದ ನೀರಿನ ಪಸೆ ಹೊತ್ತು ಬರುತ್ತದೆ. ನಮ್ಮ ಕಾರ್ಕಳದ ಬಯಲು ದಾಟಿ ಘಟ್ಟಕ್ಕೆ ಬಡಿಯುತ್ತದೆ. ಮುಂದೆ ಹೋಗಲು ದಾರಿ ಇಲ್ಲ, ಮೇಲೆ ಹತ್ತಲೇಬೇಕು. ಹತ್ತಿದಂತೆ ತಣ್ಣಗಾಗುತ್ತದೆ, ಸಾವಿರ ಮೀಟರಿಗೆ ಸುಮಾರು ಆರು ಡಿಗ್ರಿಯಷ್ಟು. ತಣ್ಣಗಾದ ಗಾಳಿಯಲ್ಲಿ ಪಸೆ ನಿಲ್ಲುವುದಿಲ್ಲ, ಹನಿಯಾಗುತ್ತದೆ. ಅದೇ ಮಂಜು, ಅದೇ ಮೋಡ. ಬೆನ್ನು ದಾಟಿ ಆ ಕಡೆ, ಕಳಸದ ಕಡೆ ಇಳಿಯುವಾಗ ಅದೇ ಗಾಳಿ ಮತ್ತೆ ಸ್ವಲ್ಪ ಬೆಚ್ಚಗಾಗುತ್ತದೆ, ಮಂಜು ಕರಗತೊಡಗುತ್ತದೆ. ಹಾಗಾಗಿ ಗುಡ್ಡದ ಬೆನ್ನಿನ ಮೇಲೆ ನಿಂತರೆ ಒಂದು ಪಕ್ಕ ಪೂರ್ತಿ ಬಿಳಿ, ಇನ್ನೊಂದು ಪಕ್ಕ ಕಣ್ಣಿಗೆ ತೆರೆದಿರುವುದು ಎಷ್ಟೋ ಸಲ ಸಿಗುತ್ತದೆ. ಎರಡು ಗುಡ್ಡದ ನಡುವೆ ತಗ್ಗು ಇದ್ದರೆ ಮಂಜು ಅಲ್ಲಿಂದಲೇ ನುಗ್ಗುತ್ತದೆ, ಕಟ್ಟೆ ಒಡೆದ ನೀರಿನ ಹಾಗೆ. ಎಲ್ಲಿ ನಿಲ್ಲಬೇಕು ಅಂತ ಆರಿಸುವಾಗ ಆ ತಗ್ಗನ್ನು ಮೊದಲು ಹುಡುಕಿ. ಅದರ ಎದುರು ನಿಲ್ಲಿ, ಅದರೊಳಗೆ ನಿಲ್ಲಬೇಡಿ. ಅದರೊಳಗೆ ನಿಂತರೆ ಬಿಳಿ ಬಿಟ್ಟು ಏನೂ ಕಾಣುವುದಿಲ್ಲ.

ಇದು ಗೊತ್ತಾದ ಮೇಲೆ ನನ್ನ ಕೆಲಸದ ರೀತಿಯೇ ಬೇರೆಯಾಯಿತು. ಈಗ ನಾನು ಜಾಗ ಆರಿಸಿ, ಟ್ರೈಪಾಡ್ ಊರಿ, ಲೆನ್ಸ್ ಎಷ್ಟಕ್ಕೆ ಇರಬೇಕು ಅಂತ ಇಟ್ಟು, ಫೋಕಸ್ ಮಾಡಿ, ಕ್ಯಾಮೆರಾಗೆ ಮಳೆಯ ಕವರ್ ಹಾಕಿ ಕೂರುತ್ತೇನೆ. ಎಲ್ಲಿ ಗುಡ್ಡ ಇದೆ ಅಂತ ಹಿಂದಿನ ಸಲ ಬಂದಾಗಿನ ನೆನಪಿನಿಂದ ಗೊತ್ತು. ಮಂಜಿನೊಳಗೆ ಕಾಣದ ಗುಡ್ಡಕ್ಕೆ ಚೌಕಟ್ಟು ಹಾಕಿ ಕಾಯುವುದು. ಹೊಳ ಆದಾಗ ಒತ್ತುವುದು ಮಾತ್ರ ಬಾಕಿ.

ಹೀಗೆ ಮೊದಲೇ ಮನಸ್ಸಿನಲ್ಲಿ ಫೋಟೋ ನೋಡುವುದರ ಬಗ್ಗೆ ಒಂದು ಹಳೆಯ ಘಟನೆ ಹೇಳಬೇಕು. ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ, 1927ರ ಏಪ್ರಿಲ್ 10. ಮುಂದೆ ಲ್ಯಾಂಡ್‌ಸ್ಕೇಪ್ ಫೋಟೋಗ್ರಫಿಗೆ ದೊಡ್ಡ ಹೆಸರಾದ ಆನ್ಸೆಲ್ ಆಡಮ್ಸ್ ಆಗ 25 ವರ್ಷದ ಹುಡುಗ. ಫಿಲ್ಮಿನ ಬದಲು ಗಾಜಿನ ಪ್ಲೇಟು ಹಾಕುವ ಭಾರದ ಕ್ಯಾಮೆರಾ ಹೊತ್ತು, ಹಾಫ್ ಡೋಮ್ ಅನ್ನುವ ಬೃಹತ್ ಬಂಡೆಯ ಎದುರಿನ ಒಂದು ಚಾಚಿಗೆ ಹತ್ತಿ ಹೋದರು. ಅಲ್ಲಿ ತಲುಪುವಾಗ ಉಳಿದದ್ದು ಎರಡೇ ಪ್ಲೇಟು. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ತೆಗೆದ ಕೂಡಲೇ ಅವರಿಗೆ ಅನಿಸಿತು, ಆ ಬಂಡೆಯ ಎದುರು ತನಗೆ ಆದ ಭಾವ ಇದರಲ್ಲಿ ಬರುವುದಿಲ್ಲ, ಆಕಾಶ ಬೆಳ್ಳಗಾಗಿಬಿಡುತ್ತದೆ ಅಂತ. ಕೊನೆಯ ಪ್ಲೇಟಿಗೆ ಕಡು ಕೆಂಪು ಫಿಲ್ಟರ್ ಹಾಕಿದರು. ಕೆಂಪು ಫಿಲ್ಟರ್ ನೀಲಿ ಬೆಳಕನ್ನು ತಡೆಯುತ್ತದೆ, ಹಾಗಾಗಿ ಕಪ್ಪು ಬಿಳುಪಿನಲ್ಲಿ ಆಕಾಶ ಹೆಚ್ಚುಕಮ್ಮಿ ಕಪ್ಪಾಗುತ್ತದೆ. ಆ ಒಂದು ಪ್ಲೇಟು ಅವರ ಬದುಕಿನ ದಿಕ್ಕು ಬದಲಿಸಿತು. ಅದೇ ಯೊಸೆಮಿಟಿಗೆ ಅವರು 14ನೇ ವಯಸ್ಸಿನಲ್ಲಿ, 1916ರಲ್ಲಿ, ಒಂದು ಪುಟ್ಟ ಬ್ರೌನಿ ಕ್ಯಾಮೆರಾ ಹಿಡಿದು ಮೊದಲ ಸಲ ಹೋಗಿದ್ದರು. ಆಮೇಲೆ ಬದುಕಿಡೀ ಅಲ್ಲಿಗೆ ಮತ್ತೆ ಮತ್ತೆ ಹೋದರು. 1916ರಿಂದ 1927, ನಡುವೆ 11 ವರ್ಷ. ಆ ಪ್ಲೇಟಿನ ಕಥೆ ಹೇಳುವವರು ಕೆಂಪು ಫಿಲ್ಟರಿನ ಮಾತನ್ನೇ ಜಾಸ್ತಿ ಹೇಳುತ್ತಾರೆ. ನನಗೆ ಆ 11 ವರ್ಷವೇ ದೊಡ್ಡದು ಅನಿಸುತ್ತದೆ.

ಸರಿ, ಈಗ ಹೊಳ ಆಯಿತು ಅಂದುಕೊಳ್ಳಿ. ಕ್ಯಾಮೆರಾದಲ್ಲಿ ಏನು ಮಾಡಬೇಕು?

ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಒಂದು ನಂಬಿಕೆ ಇದೆ. ಎದುರಿಗೆ ಇರುವುದೆಲ್ಲ ಸರಾಸರಿಯಲ್ಲಿ ನಡು ಬೂದು ಬಣ್ಣ ಅಂತ. ಎದುರಿಗೆ ಬರೀ ಬಿಳಿ ಮಂಜು ಇದ್ದರೂ ಅದು ಬೂದು ಮಾಡಲು ನೋಡುತ್ತದೆ. ಹಾಗಾಗಿ ಮಂಜಿನ ಫೋಟೋಗಳು ಮಂಕಾಗಿ, ಕೊಳೆಯಾದ ಹಾಗೆ ಬರುತ್ತವೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ ಅನ್ನುವ ಗುಂಡಿ ಇರುತ್ತದೆ, ಕೂಡಿಸು ಕಳೆ ಚಿಹ್ನೆಯದ್ದು. ಅದನ್ನು ಕೂಡಿಸುವ ಕಡೆಗೆ ಮುಕ್ಕಾಲು ಅಥವಾ ಒಂದು ಸ್ಟಾಪ್ ಏರಿಸಿ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು). ಮಂಜು ಬೆಳ್ಳಗಾಗುತ್ತದೆ. ಏರಿಸಿದ ಮೇಲೆ ಹಿಸ್ಟೋಗ್ರಾಂ, ಅಂದರೆ ಎಡಗಡೆ ಕಪ್ಪಿನಿಂದ ಬಲಗಡೆ ಬಿಳಿಯವರೆಗಿನ ಬೆಳಕಿನ ನಕ್ಷೆ, ನೋಡಿ. ಬಲಗಡೆಯ ಗೋಡೆಗೆ ಬಡಿದಿದ್ದರೆ ಸ್ವಲ್ಪ ಇಳಿಸಿ.

ಮಂಜಿನಲ್ಲಿ ಆಟೋಫೋಕಸ್ ತಡಕಾಡುತ್ತದೆ. ಹತ್ತಿರದ ಗುಡ್ಡದ ಅಂಚು ಅಥವಾ ಒಂದು ಮರ, ಎಲ್ಲಿ ಕಪ್ಪು ಬಿಳುಪು ಗಟ್ಟಿಯಾಗಿ ಸೇರುತ್ತದೋ ಅಲ್ಲಿ ಫೋಕಸ್ ಮಾಡಿ. ಆಮೇಲೆ ಲೆನ್ಸನ್ನು ಮ್ಯಾನುವಲ್‌ಗೆ ಹಾಕಿಬಿಡಿ. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, 8 ಅಥವಾ 11 ಸಾಕು. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. 22ಕ್ಕೆ ಇಟ್ಟರೆ ಎಲ್ಲ ಸ್ಪಷ್ಟ ಬರುತ್ತದೆ ಅಂತ ನಂಬಿ ನಾನು ತುಂಬ ದಿನ ಇಟ್ಟಿದ್ದೆ. ಕಿಂಡಿ ತೀರಾ ಚಿಕ್ಕದಾದಾಗ ಬೆಳಕು ಬಾಗಿ ಹರಡುತ್ತದೆ, ಇಡೀ ಫೋಟೋ ಮೆತ್ತಗಾಗುತ್ತದೆ. ಗಾಳಿಗೆ ಹುಲ್ಲು ಓಲಾಡುತ್ತಿದ್ದರೆ ಶಟರ್ ಸೆಕೆಂಡಿನ 1/250ಕ್ಕಿಂತ ವೇಗವಾಗಿ ಇರಲಿ. ಅದಕ್ಕಾಗಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 800ಕ್ಕೆ ಹೋದರೂ ಚಿಂತೆ ಇಲ್ಲ.

ಪೋಲರೈಸರ್ ಫಿಲ್ಟರ್ ಒಂದನ್ನು ಮಾತ್ರ ಕೊಳ್ಳಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮಳೆಯಲ್ಲಿ ನೆಂದ ಶೋಲಾದ ಎಲೆಗಳು ಬಿಳಿ ಆಕಾಶವನ್ನು ಕನ್ನಡಿಯ ಹಾಗೆ ತೋರಿಸುತ್ತವೆ. ಕಣ್ಣಿಗೆ ಹಸಿರು ಕಂಡರೂ ಫೋಟೋದಲ್ಲಿ ಬೆಳ್ಳಿ ಬಳಿದ ಹಾಗೆ ಬರುತ್ತದೆ. ಪೋಲರೈಸರ್ ತಿರುಗಿಸುತ್ತಾ ಹೋದರೆ ಆ ಹೊಳಪು ಕರಗಿ ಒಳಗಿನ ಹಸಿರು ಎದ್ದು ಬರುತ್ತದೆ. ಈ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಯಾಗಿ ಮಾಡಲು ಆಗುವುದಿಲ್ಲ.

ದೂರದ ಗುಡ್ಡ ಯಾಕೆ ನೀಲಿ ಅಂತ ಒಬ್ಬರು ಆಗಲೇ ಕೇಳಿದಿರಿ. ನಮಗೂ ಗುಡ್ಡಕ್ಕೂ ನಡುವೆ ಇರುವ ಗಾಳಿ ನೀಲಿ ಬೆಳಕನ್ನು ಜಾಸ್ತಿ ಚೆದುರಿಸುತ್ತದೆ. ಗುಡ್ಡ ದೂರ ಹೋದಷ್ಟೂ ನಡುವಿನ ಗಾಳಿ ಜಾಸ್ತಿ, ನೀಲಿ ಜಾಸ್ತಿ. ಒಂದೊಂದು ಬೆನ್ನೂ ತನ್ನ ಮುಂದಿರುವ ಬೆನ್ನಿಗಿಂತ ಸ್ವಲ್ಪ ತಿಳಿ. ಫೋಟೋಕ್ಕೆ ಆಳ ಕೊಡುವುದು ಅದೇ. ಸಾಫ್ಟ್‌ವೇರಿನಲ್ಲಿ ಮಬ್ಬು ತೆಗೆಯುವ ಡಿಹೇಜ್ ಅನ್ನುವುದನ್ನು ಪೂರ್ತಿ ಎಳೆದು ಆ ತಿಳಿಯನ್ನು ಅಳಿಸಬೇಡಿ. ಅಳಿಸಿದರೆ ಐದು ಗುಡ್ಡ ಒಂದೇ ಗೋಡೆಯಾಗುತ್ತದೆ.

ಋತುವಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ಮಂಜು ಮತ್ತು ಝರಿ. ಅಕ್ಟೋಬರ್ ನವೆಂಬರ್‌ನಲ್ಲಿ ಗಾಳಿ ತೊಳೆದಿಟ್ಟ ಹಾಗೆ, ತುಂಬ ದೂರ ಕಾಣುತ್ತದೆ. ಡಿಸೆಂಬರ್ ದಾಟಿದ ಮೇಲೆ ಹುಲ್ಲು ಒಣಗಿ ಹೊಂಬಣ್ಣ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ. ಅದು ಸರಿಯಾದ ಕ್ರಮ. ಒಂದು ಕಿಡಿ ಸಾಕು ಆ ಒಣ ಹುಲ್ಲಿಗೆ.

ಇನ್ನೊಂದು ವಿಷಯ ಹೇಳದೆ ಈ ಮಾತು ಮುಗಿಸಿದರೆ ತಪ್ಪಾಗುತ್ತದೆ. ಈ ಫೋಟೋ ನೋಡಿ. ಯಾವ ಜಾಗ ಅಂತ ಹೇಳುತ್ತೀರಾ? ಸುತ್ತ ಹಸಿರು ಗುಡ್ಡ. ನಡುವೆ ಚಪ್ಪಟೆಯಾಗಿ ಹರಡಿದ ನೀರು, ಬೂದು ದಡ. ಒಬ್ಬರು ಸರೋವರ ಅಂದಿರಿ. ತುಂಬ ಜನ ಹಾಗೇ ಹೇಳುತ್ತಾರೆ. ಇದು ಲಕ್ಯಾ ಅಣೆಕಟ್ಟಿನ ಹಿಂದಿನ ಜಾಗ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರಿನ ಕಂಪನಿ ಶುರುವಾಯಿತು. ಗುಡ್ಡ ಅಗೆದು, ಅದಿರನ್ನು ಪುಡಿ ಮಾಡಿ, ನೀರಿನ ಜೊತೆ ಬೆರೆಸಿ, ಘಟ್ಟ ಇಳಿಸಿ ಮಂಗಳೂರಿನವರೆಗೆ ಪೈಪಿನಲ್ಲಿ ಕಳಿಸುತ್ತಿದ್ದರು. ಉಳಿದ ಕೆಸರು ನಿಲ್ಲಲು ಕಟ್ಟಿದ್ದು ಲಕ್ಯಾ ಅಣೆಕಟ್ಟು. ಸುಮಾರು ನೂರು ಮೀಟರ್ ಎತ್ತರ. ಜನ ಹೋರಾಡಿದರು, 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಕೆಸರು ಈಗಲೂ ಅಲ್ಲೇ ಇದೆ.

ನಾನು ಇದನ್ನು ದೂರದಿಂದ ತೆಗೆದಾಗ ನನಗೂ ಅದು ಚೆಂದವೇ ಕಂಡಿತ್ತು. ಬೆಳಕು ಚೆನ್ನಾಗಿತ್ತು. ಕೆಳಗೆ "ಘಟ್ಟದ ಮಡಿಲಿನ ಸರೋವರ" ಅಂತ ಬರೆದು ಹಾಕಿದ್ದೆ. ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನೋಡಿ ಹೇಳಿದರು: "ತಮ್ಮಾ, ಇದು ಸರೋವರ ಅಲ್ಲ, ನಾವು ತುಂಬಿಸಿದ್ದು." ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಆ ಊರಿನಲ್ಲಿ ಅವರ ಮಕ್ಕಳು ಹುಟ್ಟಿ ಬೆಳೆದಿದ್ದರು. ಗಣಿ ನಿಂತ ಮೇಲೆ ಆ ಊರಿನ ಮನೆಗಳು ಖಾಲಿಯಾದವು. ಅವರಿಗೆ ಆ ಜಾಗದ ಮೇಲೆ ಪ್ರೀತಿಯೂ ಇತ್ತು, ನೋವೂ ಇತ್ತು. ಅವತ್ತೇ ಆ ಹೆಸರು ಅಳಿಸಿ, ಏನಿದೆಯೋ ಅದನ್ನೇ ಬರೆದೆ.

ಪ್ರಕೃತಿಯ ಫೋಟೋದಲ್ಲಿ ಮನುಷ್ಯನ ಗುರುತು ಬರಬಾರದು ಅಂತ ಒಂದು ಅಭ್ಯಾಸ ಇದೆ. ಕರೆಂಟು ಕಂಬ ಬಂದರೆ ಅಳಿಸುತ್ತಾರೆ, ರಸ್ತೆ ಬಂದರೆ ಪಕ್ಕಕ್ಕೆ ಸರಿಯುತ್ತಾರೆ. ಯಾವಾಗಲೂ ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಕುದುರೆಮುಖದಲ್ಲಿ ಅಗೆದ ಗುಡ್ಡವನ್ನು ಬಿಟ್ಟು ಅಗೆಯದ ಗುಡ್ಡವನ್ನು ಮಾತ್ರ ನೂರು ಸಲ ತೋರಿಸಿದರೆ, ನೋಡಿದವರು ಅಲ್ಲಿ ಏನೂ ಆಗಿಯೇ ಇಲ್ಲ ಅಂತ ತಿಳಿಯುತ್ತಾರೆ. ಈಗ ಅಗೆದ ಗುಡ್ಡದ ಮೆಟ್ಟಿಲುಗಳ ಮೇಲೆ ನಿಧಾನಕ್ಕೆ ಹಸಿರು ಬರುತ್ತಿದೆ. ದೂರದಿಂದಲೇ ಪ್ರತಿ ವರ್ಷ ಅದರ ಒಂದು ಫೋಟೋ ತೆಗೆಯುತ್ತೇನೆ. ಒಂದೇ ಜಾಗದಿಂದ, ಒಂದೇ ಲೆನ್ಸಿನಲ್ಲಿ. ನೋಡಲು ಅಂಥ ಚೆಂದ ಏನಿಲ್ಲ. ಆದರೂ ನನ್ನ ಫೋಟೋಗಳಲ್ಲಿ ಯಾವುದಾದರೂ ಮುಂದೆ ಯಾರಿಗಾದರೂ ಬೇಕಾಗುವುದಿದ್ದರೆ ಅವೇ ಇರಬೇಕು.

ಸಾಮಾನಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಕರಾವಳಿ ಮಲೆನಾಡಿನಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ನನ್ನ ಒಂದು ಲೆನ್ಸ್ ಹಾಗೇ ಹೋಯಿತು. ಮಳೆಯಿಂದ ಬಂದು ಚೀಲದಲ್ಲೇ ಇಟ್ಟು ಎರಡು ವಾರ ಮರೆತಿದ್ದೆ. ತೆರೆದಾಗ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬೆಳೆದಿತ್ತು. ರಿಪೇರಿಗೆ ಕೊಟ್ಟೆ, ತಿಂಗಳುಗಟ್ಟಲೆ ಇಟ್ಟುಕೊಂಡು ಹಾಗೇ ವಾಪಸ್ ಕೊಟ್ಟರು. ಹಾಗಾಗಿ ಮನೆಗೆ ಬಂದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಒಂದು ರಾತ್ರಿ ಇಡಿ. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಪಸೆ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ಲಿನ ಬಣ್ಣ ಬದಲಾದರೆ ಒಣಗಿಸಿ. ಹಿಂದೆ ಸ್ಟುಡಿಯೋದವರು ಮರದ ಕಪಾಟಿನೊಳಗೆ ಒಂದು ಸಣ್ಣ ಬಲ್ಬ್ ಉರಿಸಿಟ್ಟು ಅದರಲ್ಲಿ ಲೆನ್ಸ್ ಇಡುತ್ತಿದ್ದರು. ಆ ಉಪಾಯ ಈಗಲೂ ನಡೆಯುತ್ತದೆ. ಹಾಗೆಯೇ, ಕಾರಿನ ಏಸಿಯಿಂದ ಇಳಿದ ಕೂಡಲೇ ಲೆನ್ಸ್ ತೆರೆಯಬೇಡಿ. ತಣ್ಣಗಿನ ಗಾಜಿನ ಮೇಲೆ ಹೊರಗಿನ ಪಸೆ ಕೂತು ಹಬೆ ಹಿಡಿಯುತ್ತದೆ. ದಾರಿಯಲ್ಲಿ ಮಾಳದ ಚೆಕ್‌ಪೋಸ್ಟ್ ಗೇಟು ಬರುವ ಮೊದಲೇ ಏಸಿ ಆರಿಸಿ ಕಿಟಕಿ ಇಳಿಸಿಬಿಡಿ.

ಇಂಬಳದ (ಜಿಗಣೆಯ) ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಸುಣ್ಣ, ಹೊಗೆಸೊಪ್ಪು, ಉಪ್ಪು, ಯಾವುದೋ ಒಂದು ಇರಲಿ. ಟ್ರೈಪಾಡಿನ ಕಾಲಿಗೂ ಹತ್ತುತ್ತವೆ, ಮಡಚುವಾಗ ನೋಡಿಕೊಳ್ಳಿ. ದಾರಿ ಬಿಟ್ಟು ಹುಲ್ಲಿನ ಮೇಲೆ ನಡೆಯಬೇಡಿ. ಮಳೆಯಲ್ಲಿ ಹತ್ತು ಜನ ನಡೆದ ಜಾಡು ಮುಂದಿನ ಮಳೆಗೆ ಕೊರಕಲಾಗುತ್ತದೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಡ್ರೋನ್ ಅನುಮತಿ ಇಲ್ಲದೆ ಬೇಡವೇ ಬೇಡ.

ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ. ಅದರಲ್ಲಿ ಕಲಿಯಬಹುದಾ?"

ಖಂಡಿತ ಕಲಿಯಬಹುದಮ್ಮ. ಇವತ್ತು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಮೊಬೈಲಿನಲ್ಲೂ ನಡೆಯುತ್ತದೆ. ಪರದೆಯ ಮೇಲೆ ಒಂದು ಕಡೆ ಬೆರಳು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ. ಪಕ್ಕದಲ್ಲಿ ಬರುವ ಸೂರ್ಯನ ಚಿಹ್ನೆ ಮೇಲೆ ಎಳೆದರೆ ಮಂಜು ಬೆಳ್ಳಗಾಗುತ್ತದೆ. ನಿನ್ನ ಮೊಬೈಲಿನಲ್ಲಿ ಎರಡು ಮೂರು ಲೆನ್ಸ್ ಇದ್ದರೆ ಉದ್ದದ್ದನ್ನು ಉಪಯೋಗಿಸು. ಬೆರಳಲ್ಲಿ ಹಿಗ್ಗಿಸುವ ಜೂಮ್ ಬೇಡ. ಅಗಲಕ್ಕೆ ಹಿಡಿಯಬೇಕಾದ ಕಡೆ ನಾಲ್ಕೈದು ಹೆಜ್ಜೆ ಅತ್ತಿತ್ತ ನಡೆದು ನೋಡು. ಮುಂದಿನ ಮರ ಗುಡ್ಡದ ಮೇಲೆ ಬೀಳುತ್ತದಾ, ಪಕ್ಕಕ್ಕೆ ಸರಿಯುತ್ತದಾ ಅಂತ ನೋಡಲು ಕಾಲೇ ಸಾಕು.

ಇನ್ನೊಬ್ಬರು ಕೇಳಿದರು: "ಎಷ್ಟು ಸಲ ಹೋದರೆ ಕಲಿಯಬಹುದು?"

ಹತ್ತು ಜಾಗಕ್ಕೆ ಒಂದೊಂದು ಸಲ ಹೋಗುವ ಬದಲು ಒಂದೇ ಜಾಗಕ್ಕೆ ಹತ್ತು ಸಲ ಹೋಗಿ. ನನಗೆ ಆ ಏರು ಆರು ವರ್ಷ ತೆಗೆದುಕೊಂಡಿತು. ನಿಮಗೆ ಕಡಿಮೆ ಸಾಕಾಗಬಹುದು. ಪಾರ್ಕಿಗೆ ಹೋಗಲು ಅನುಮತಿ ಬೇಕು, ಖರ್ಚು ಇದೆ. ಹಾಗಾಗಿ ನಾವು ಹೊರಗಿನಿಂದಲೇ ಶುರು ಮಾಡೋಣ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಕಾಲೇಜಿನ ಗೇಟಿನ ಹತ್ತಿರ ಸೇರೋಣ. ಮಾಳದ ಕಡೆ ಘಟ್ಟದ ಬುಡದಲ್ಲಿ ಒಂದು ಗದ್ದೆ ಇದೆ, ಗದ್ದೆಯವರನ್ನು ಕೇಳಿದ್ದೇನೆ, ಬದುವಿನ ಮೇಲೆ ನಿಲ್ಲಿ ಅಂದಿದ್ದಾರೆ. ಅಲ್ಲಿಂದ ಮಂಜು ಘಟ್ಟ ಹತ್ತುವುದು ಪೂರ್ತಿ ಕಾಣುತ್ತದೆ. ಮೊದಲ ಅರ್ಧ ಗಂಟೆ ಯಾರೂ ಕ್ಯಾಮೆರಾ ತೆಗೆಯುವುದು ಬೇಡ, ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಮಾತ್ರ ನೋಡೋಣ. ಕೊಡೆ ತನ್ನಿ. ಮನೆಯಲ್ಲಿ ಎರಡು ಇದ್ದರೆ ಎರಡನ್ನೂ ತನ್ನಿ, ಒಂದು ಕ್ಯಾಮೆರಾಗೆ ಬೇಕು.